ಟೆಕ್ಸಾಸ್ ಲೇಕ್‌ಗಳಲ್ಲಿ ಬಾಸ್ ಮೀನು ಹಿಡಿಯೋಕೆ ಮೊದಲು ಯಾವ ರಾಡ್, ಯಾವ ಲ್ಯೂರ್ (ಮೀನನ್ನ ಸೆಳೆಯೋ ಕೃತಕ ಎರೆ) ತಗೋಬೇಕು?
ಹೊಸಬರಿಗೆ 7 ಅಡಿಯ ಮೀಡಿಯಂ ಪವರ್ (ಮಧ್ಯಮ ಗಟ್ಟಿ), ಫಾಸ್ಟ್ ಆಕ್ಷನ್ (ತುದಿ ಹತ್ರ ಮಾತ್ರ ಬಾಗೋ) ಸ್ಪಿನ್ನಿಂಗ್ ರಾಡ್ (ರೀಲ್ ಕೆಳಗೆ ನೇತಾಡೋ ಥರದ್ದು) ಒಂದು ಸಾಕು, ಜೊತೆಗೆ 10 ಪೌಂಡ್ ಎಳೆತ ತಡೆಯೋ ಲೈನ್ (ಗಾಳದ ದಾರ). ಬೇಟ್‌ಕಾಸ್ಟರ್ (ರಾಡ್ ಮೇಲೆ ಕೂರೋ, ಎಸೆಯುವಾಗ ಸ್ಪೂಲೇ ತಿರುಗೋ ರೀಲ್) ಈಗಲೇ ಬೇಡ, ಹೆಬ್ಬೆರಳಲ್ಲಿ ದಾರ ಸುತ್ತಿರೋ ಸ್ಪೂಲ್ ತಡೆಯೋದು ರೂಢಿ ಆಗೋವರೆಗೂ ಗಂಟು ಬಿಡಿಸೋದೇ ಕೆಲಸ ಆಗುತ್ತೆ.

ಲ್ಯೂರ್ ಅಂದ್ರೆ ನಾನಂತೂ ಟೆಕ್ಸಾಸ್ ರಿಗ್ ಅಂತೀನಿ, ಲೈನ್‌ಗೆ ಸಣ್ಣ ಬುಲೆಟ್ ವೇಟ್ (ಗುಂಡಿನಾಕಾರದ ತೂಕ) ಪೋಣಿಸಿ, 3/0 ಸೈಜಿನ ಆಫ್‌ಸೆಟ್ ಹುಕ್‌ಗೆ (ಕಣ್ಣಿನ ಹತ್ರ ಬಾಗಿರೋ ಗಾಳ) ಪ್ಲಾಸ್ಟಿಕ್ ಹುಳು ಚುಚ್ಚಿ, ಹುಕ್ಕಿನ ಮೊನೆನ ಹುಳುವಿನ ಮೈಯೊಳಗೇ ಮುಚ್ಚಿಡೋದು, ಆಗ ಕಳೆಗೆ, ಮುಳುಗಿರೋ ಕೊಂಬೆಗೆ ಅಷ್ಟಾಗಿ ಸಿಕ್ಕಲ್ಲ, ಲಾರ್ಜ್‌ಮೌತ್ ಬಾಸ್ (ದೊಡ್ಡ ಬಾಯಿಯ ಬಾಸ್ ಜಾತಿ) ಅಡಗಿ ಕೂರೋದೂ ಅಲ್ಲೇ ಅಲ್ವಾ. ತಿಳಿನೀರಿಗೆ ಗ್ರೀನ್ ಪಂಪ್ಕಿನ್ ಬಣ್ಣ, ಕೆಸರಿಗೆ ಕಪ್ಪು-ನೀಲಿ. ತಳ ಮುಟ್ಟೋವರೆಗೂ ಬಿಟ್ಟು ನಿಧಾನಕ್ಕೆ ಎಳೀರಿ, ಟಕ್ ಅಂತ ಕೈಗೆ ಗೊತ್ತಾದ ತಕ್ಷಣ ಸಡಿಲ ಲೈನ್ ಸುತ್ತಿಕೊಂಡು ರಾಡ್ ಜೋರಾಗಿ ಎತ್ತಿ. ಫಿಶಿಂಗ್ ಲೈಸೆನ್ಸ್ ಮರೀಬೇಡಿ.