ತಾಯಿ-ಮಗುವಿನ ಹಳೇ ತೈಲಚಿತ್ರ: ಮೊದಲು ಕಣ್ಣು, ಕೈ ನೋಡಿ

ಅಕ್ಕಾ, ಡೊಂಬಿವಲಿ ಮನೆಯ ಚಿತ್ರದ ಫೋಟೋ ನೋಡಿದೆ. ಕುರ್ಚಿಯಲ್ಲಿ ಕೂತ ತಾಯಿ, ತೊಡೆಯ ಮೇಲೆ ಮಗು, ಹಿಂದೆ ಪರದೆ. ಇದು ಯಶೋದೆ-ಕೃಷ್ಣನ ಭಾವವೇ ಎಂದು ಕೇಳಿದ್ದೀರಿ. ಅಷ್ಟು ಬೇಗ ಅಲ್ಲಿಗೆ ಹೋಗಬೇಡಿ. ಎದುರಿಗೆ ಕೂರಿಸಿ ಬರೆದದ್ದೋ, ಫೋಟೋ ನೋಡಿ ಬರೆದದ್ದೋ ಮೊದಲು ತಿಳಿಯಬೇಕು.

ಇಬ್ಬರ ಕಣ್ಣಿನ ಬಿಳಿ ಹೊಳಪನ್ನು ಹೋಲಿಸಿ. ತಾಯಿಯದು ಎಡಕ್ಕೆ, ಮಗುವಿನದು ಬಲಕ್ಕಿದ್ದು, ಮೂಗಿನಡಿಯ ನೆರಳೂ ಹಾಗೇ ಬೇರೆಯಾಗಿದ್ದರೆ, ಎರಡು ಫೋಟೋ ಸೇರಿಸಿ ಬರೆದಿರುವ ಸಾಧ್ಯತೆ ಹೆಚ್ಚು. ಆಮೇಲೆ ತಾಯಿಯ ಕೈ. ನಿಜವಾಗಿ ಹಿಡಿದಿದ್ದರೆ ಬೆರಳು ಒತ್ತಿದಲ್ಲಿ ಅಂಗಿ ಸುಕ್ಕಾಗುತ್ತದೆ, ಮಗುವಿನ ಭಾರಕ್ಕೆ ಸೀರೆಯ ನೆರಿಗೆ ಮುರಿಯುತ್ತದೆ. ಬೆರಳು ಸುಮ್ಮನೆ ತಾಗಿಸಿಟ್ಟಂತಿದ್ದರೆ, ಇಬ್ಬರಲ್ಲೊಬ್ಬರು ತೀರಿಹೋದ ಮೇಲೆ ನೆನಪಿಗೆ ಬರೆಸಿದ್ದೂ ಇರಬಹುದು. ಮನೆಯ ಹಿರಿಯರನ್ನು ಕೇಳಿ ನೋಡಿ. ಹೌದಾದರೆ, ನಿಮಗೆ 'ಬಿಗಿ' ಎನಿಸಿದ ಆ ಮುಖಗಳನ್ನು ಓದುವ ಬಗೆಯೇ ಬದಲಾಗುತ್ತದೆ.

ರಾತ್ರಿ ದೀಪ ಆರಿಸಿ, ಪಕ್ಕದಿಂದ ಟಾರ್ಚ್ ಓರೆಯಾಗಿ ಹಿಡಿಯಿರಿ. ಎಲ್ಲೂ ಕ್ಯಾನ್ವಾಸ್ ಬಟ್ಟೆಯ ನೇಯ್ಗೆ ಕಾಣದೆ, ಬಣ್ಣ ತೆಳುವಾದಲ್ಲಿ ಬೂದುಛಾಯೆ ಇಣುಕಿದರೆ ದೊಡ್ಡದು ಮಾಡಿದ ಫೋಟೋ ಮೇಲೆಯೇ ಬಣ್ಣ ಹಚ್ಚಿರಬಹುದು. 10 ಪಟ್ಟು ಭೂತಗನ್ನಡಿಯಲ್ಲಿ ಮುಖವೆಲ್ಲ ಸಣ್ಣ ಚುಕ್ಕೆಯಾದರೆ ಅದು ಅಚ್ಚಿನ ಚಿತ್ರ. ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ತೆರೆದ ಮೇಲೆ ಇಂಥವು ಮನೆಮನೆಗೂ ಹೋದವು.

ಸೀರೆಯ ಬಣ್ಣದ ಮೇಲೆ ಅರ್ಥ ಕಟ್ಟಬೇಡಿ. ವಾರ್ನಿಶ್ ಹಳದಿಯಾದರೆ ಬಿಳಿಯೂ ಕೆನೆಬಣ್ಣವಾಗುತ್ತದೆ. ಚೌಕಟ್ಟಿನಡಿ ಮುಚ್ಚಿದ್ದ ಅಂಚಿನಲ್ಲಿ ಮೂಲಕ್ಕೆ ಹತ್ತಿರದ ಬಣ್ಣ ಸಿಗುತ್ತದೆ. ಜಡೆ, ಬಳೆ ನೋಡಿ ಮಗು ಹೆಣ್ಣೆಂದೂ ಹೇಳಲಾಗದು; ಗಂಡುಮಕ್ಕಳಿಗೂ ಹಾಕುತ್ತಿದ್ದರು.

ಇನ್ನು ನೋಟ. ರವಿವರ್ಮರು 1893ರಲ್ಲಿ ಮಗಳು ಮಹಾಪ್ರಭಾಳನ್ನು ಮಗುವಿನೊಂದಿಗೆ ಬರೆದ 'ದೇರ್ ಕಮ್ಸ್ ಪಪ್ಪಾ' ಚಿತ್ರ ಹುಡುಕಿ ನೋಡಿ. ತಾಯಿ ಕಂಕುಳಲ್ಲಿ ಮಗುವನ್ನೆತ್ತಿಕೊಂಡು ಚೌಕಟ್ಟಿನ ಹೊರಗೆ ಬರುತ್ತಿರುವ ತಂದೆಯನ್ನು ತೋರಿಸುತ್ತಾಳೆ. ನಮ್ಮ ತುಳುನಾಡಿನ ಅಳಿಯಸಂತಾನದಂತೆ ಮಗು ತಾಯಿಯ ಮನೆಗೆ ಸೇರುವ ಅವರ ಕೇರಳದ ಮನೆತನದ ಕಟ್ಟಿನಲ್ಲಿ, ತಂದೆಯ ಬರುವಿಕೆಯನ್ನೇ ವಸ್ತು ಮಾಡಿದ್ದು ನನಗೆ ಬಹಳ ದೊಡ್ಡ ವಿಷಯ. ನಿಮ್ಮ ಚಿತ್ರದಲ್ಲಿ ಇಬ್ಬರೂ ನೇರ ನಮ್ಮನ್ನೇ ನೋಡುತ್ತಿದ್ದಾರೆ. ಒಬ್ಬರನ್ನೊಬ್ಬರು ನೋಡುವುದಿಲ್ಲ. ಹಾಗಾಗಿ ಇದು ವಾತ್ಸಲ್ಯದ ಕ್ಷಣಕ್ಕಿಂತ, ಮನೆತನದ ಗುರುತಾಗಿ ಪಡಸಾಲೆಗೆ ಬರೆಸಿದ್ದು ಎನ್ನುವುದೇ ನನ್ನ ಅಂದಾಜು.

ಬೆನ್ನಿನ ಕಡೆ, ನಾಲ್ಕೂ ಮೂಲೆ, ಕಣ್ಣುಗಳು, ಕೈ, ಇಷ್ಟರ ಹತ್ತಿರದ ಫೋಟೋ ಫ್ಲ್ಯಾಶ್ ಇಲ್ಲದೆ ಹಾಕಿ. ಹೆಸರು ಕಾಣಲೆಂದು ಒದ್ದೆ ಬಟ್ಟೆ, ಸ್ಪಿರಿಟ್, ಆಲೂಗಡ್ಡೆ ಹೋಳು ಯಾವುದರಿಂದಲೂ ಉಜ್ಜಬೇಡಿ: ಸಹಿ ಸಾಮಾನ್ಯವಾಗಿ ಕೊನೆಯ ತೆಳು ಪದರ, ಮೊದಲು ಕಿತ್ತುಬರುವುದೂ ಅದೇ.