ದುಡ್ಡು ಮಗನಿಗೆ, ಅಲವೆನ್ಸ್ ಅಮ್ಮನಿಗೆ

ಪ್ರಶ್ನೆ: ನಾವು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇವೆ. ಹೋದ ವರ್ಷ ನಮ್ಮ ಯಜಮಾನರು ತೀರಿಕೊಂಡರು. ಅವರ ಐಸಾದಲ್ಲಿದ್ದ (ಬಡ್ಡಿ, ಲಾಭಕ್ಕೆ ತೆರಿಗೆ ಇಲ್ಲದ ಇಲ್ಲಿಯ ಉಳಿತಾಯ ಖಾತೆ) 64,000 ಪೌಂಡನ್ನು ವಿಲ್‌ನಲ್ಲಿ ಮಗನಿಗೆ ಬರೆದಿದ್ದಾರೆ. ದುಡ್ಡು ನಿಮಗೆ ಬರದಿದ್ದ ಮೇಲೆ ಅಲವೆನ್ಸೂ ಬರಲ್ಲ ಅಂತ ಏಜೆಂಟ್ ಹೇಳುತ್ತಾರೆ. ನನ್ನ ಸೇವಿಂಗ್ಸ್ ಖಾತೆಯಲ್ಲಿ 50,000 ಪೌಂಡ್ ಇದೆ. ಏನು ಮಾಡಲಿ?

ಉತ್ತರ: ಮೊದಲು ಆ ಏಜೆಂಟನ್ನು ಬಿಡಿ ತಾಯಿ. ಈ ಪ್ರಶ್ನೆಗೆ ಉತ್ತರ ಬರೆದು ಬರೆದು ನನಗೆ ಸಾಕಾಗಿದೆ.

ದುಡ್ಡು ಬೇರೆ, ಅಲವೆನ್ಸ್ ಬೇರೆ. ಅಲವೆನ್ಸ್ ಅಂದ್ರೆ ತೀರಿಕೊಂಡವರ ಐಸಾದಲ್ಲಿದ್ದಷ್ಟು ಮೊತ್ತವನ್ನು ನಿಮ್ಮ ಐಸಾಗೆ ಹೆಚ್ಚುವರಿಯಾಗಿ ಹಾಕುವ ಹಕ್ಕು. ಅದಕ್ಕೇ ಎ.ಪಿ.ಎಸ್. (ಅಡಿಷನಲ್ ಪರ್ಮಿಟೆಡ್ ಸಬ್‌ಸ್ಕ್ರಿಪ್ಷನ್) ಅನ್ನುವುದು. ದುಡ್ಡು ಯಾರಿಗೆ ಅಂತ ವಿಲ್ ಹೇಳುತ್ತೆ. ಅಲವೆನ್ಸ್ ಯಾರಿಗೆ ಅಂತ ಕಾನೂನು ಹೇಳುತ್ತೆ, ಅದು ಹೆಂಡತಿಗೆ, ಗಂಡನಿಗೆ ಅಥವಾ ಸಿವಿಲ್ ಪಾರ್ಟ್‌ನರ್‌ಗೆ (ಮದುವೆಯ ಬದಲು ಕಾನೂನಿನಲ್ಲಿ ನೋಂದಾಯಿಸಿಕೊಂಡ ಜೊತೆಗಾರರಿಗೆ) ಮಾತ್ರ. 2014ರ ಡಿಸೆಂಬರ್ 3ರಿಂದ ಈಚೆಗೆ ತೀರಿಕೊಂಡ ಎಲ್ಲರಿಗೂ ಇದೇ ನಿಯಮ. ಮಗ ಆ 64,000 ತಗೊಳ್ಳಲಿ. ನೀವು ನಿಮ್ಮ ಸ್ವಂತ 50,000ವನ್ನು ಎ.ಪಿ.ಎಸ್. ಹೆಸರಲ್ಲಿ ಐಸಾಗೆ ಹಾಕಿ. ನಿಮ್ಮದೇ ಆದ ವರ್ಷದ 20,000 ಮಿತಿ ಹಾಗೇ ಉಳಿಯುತ್ತೆ. ಉಳಿದ 14,000ಕ್ಕೂ ಅವಸರ ಇಲ್ಲ. ನಗದಾದರೆ ತೀರಿಕೊಂಡ ದಿನದಿಂದ 3 ವರ್ಷ ಟೈಮಿದೆ. ಆಸ್ತಿ ವಿಲೇವಾರಿ ತಡವಾದರೆ ಅದು ಮುಗಿದ ಮೇಲೆ 180 ದಿನ. ಯಾವುದು ಆಮೇಲೆ ಬರುತ್ತೋ ಅದು.

ಐಸಾದಲ್ಲಿದ್ದ ಷೇರುಗಳನ್ನು ಷೇರುಗಳಾಗಿಯೇ ತಗೊಳ್ಳುವವರಿಗೆ ಮಾತ್ರ ಇಷ್ಟು ಸಡಿಲ ಇಲ್ಲ. ಅವು ನಿಮ್ಮ ಪಾಲಿಗೆ ಬಂದಿರಬೇಕು, ತೀರಿಕೊಂಡವರ ಐಸಾ ಇದ್ದ ಕಂಪನಿಯಲ್ಲೇ ಇರಬೇಕು, ಕೈಗೆ ಬಂದ 180 ದಿನದೊಳಗೆ ಕೆಲಸ ಮುಗಿಯಬೇಕು.

ಇನ್ನೊಂದು ವಿಷಯ. ಯಜಮಾನರ ಐಸಾ ಖಾತೆ ಮುಚ್ಚುವವರೆಗೆ, ಜಾಸ್ತಿ ಅಂದ್ರೆ 3 ವರ್ಷ, ಅದು ತೆರಿಗೆ ಇಲ್ಲದೆ ಬೆಳೀತಾ ಇರುತ್ತೆ. ತೀರಿಕೊಂಡ ದಿನದ ಮೊತ್ತ, ಮುಚ್ಚಿದ ದಿನದ ಮೊತ್ತ, ಇವೆರಡರಲ್ಲಿ ದೊಡ್ಡದೇ ನಿಮ್ಮ ಅಲವೆನ್ಸ್. ಎರಡನ್ನೂ ಬರವಣಿಗೆಯಲ್ಲಿ ಕೇಳಿ. ಫೋನಲ್ಲಿ ಹೇಳಿದ್ದನ್ನು ನಾನಂತೂ ನಂಬಲ್ಲ. ಬೇರೆ ಕಂಪನಿಗೆ ಅಲವೆನ್ಸ್ ವರ್ಗ ಮಾಡಿಸುವುದಿದ್ದರೆ ಮೊದಲ ಪೌಂಡ್ ಹಾಕುವ ಮುಂಚೆಯೇ ಮಾಡಿಸಿ. ಹಾಕಿದ ಮೇಲೆ ಆಗಲ್ಲ. ಎ.ಪಿ.ಎಸ್. ತಗೊಳ್ಳದ ಕಂಪನಿಗಳೂ ಇವೆ, ಕೇಳಿಕೊಂಡೇ ಹೋಗಿ.

ಮನೆಯ ಕಾಗದಗಳನ್ನೂ ಒಮ್ಮೆ ಜಾಲಾಡಿ. ನನ್ನ ಹತ್ತಿರ ಬಂದ ಒಬ್ಬರು ಗಂಡನದು ಒಂದೇ ಐಸಾ ಅಂದುಕೊಂಡಿದ್ದರು. ಅವರು ತಂದ ಬಿಸ್ಕತ್ತಿನ ತಗಡಿನ ಡಬ್ಬದ ತಳದಲ್ಲಿ, ಹಳೇ ಗ್ಯಾಸ್ ಬಿಲ್ಲುಗಳ ಕೆಳಗೆ, ಇನ್ನೆರಡು ಕಂಪನಿಗಳ ಪತ್ರ ಸಿಕ್ಕವು. ಒಂದೊಂದು ಕಂಪನಿಗೂ ಒಂದೊಂದು ಅಲವೆನ್ಸ್, ಒಂದೊಂದು ಫಾರಂ. ಆ ಫಾರಂ ತುಂಬಲು ಪರ್ಸೆಂಟೇಜ್ ಕೇಳುವವರೂ ಇದ್ದಾರೆ. ಕಾಫಿ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ ಅದು.

ಪ್ರಶ್ನೆ: ಐಸಾಗೆ ನಾಮಿನಿ ಹಾಕಿಸುವುದು ಹೇಗೆ?

ಉತ್ತರ: ಅದು ಊರಿನ ಎಫ್.ಡಿ. ಅಲ್ಲ. ವಿಲ್ ಬರೆಸಿ.

ಪ್ರಶ್ನೆ: ಮದುವೆ ಆಗಿಲ್ಲ. 11 ವರ್ಷದಿಂದ ಒಟ್ಟಿಗಿದ್ದೇವೆ. ಅಲವೆನ್ಸ್ ಸಿಗುತ್ತಾ?

ಉತ್ತರ: ಇಲ್ಲ. ಮದುವೆ ಅಥವಾ ಸಿವಿಲ್ ಪಾರ್ಟ್‌ನರ್‌ಶಿಪ್ ಬೇಕು. ಮದುವೆಯಾಗಿ ಬೇರೆಯಾದವರಿಗೂ ಸಿಗಲ್ಲ. ಆದರೆ ಒಬ್ಬರು ಕೇರ್ ಹೋಮ್‌ನಲ್ಲಿದ್ದರೆ ಅದು ಬೇರೆಯಾದ ಹಾಗಲ್ಲ.

ಪ್ರಶ್ನೆ: ಐಸಾಗೆ ಇನ್‌ಹೆರಿಟೆನ್ಸ್ ಟ್ಯಾಕ್ಸ್ ಇಲ್ಲ ಅಲ್ವಾ?

ಉತ್ತರ: ಯಾರು ಹೇಳಿದ್ದು, ವಾಟ್ಸಾಪಾ? ಮಿಕ್ಕ ಆಸ್ತಿಯ ಜೊತೆ ಅದೂ ಲೆಕ್ಕಕ್ಕೆ ಬರುತ್ತೆ.

ಪ್ರಶ್ನೆ: ಬೆಂಗಳೂರಿಗೆ ವಾಪಸ್ ಹೋದರೂ ಐಸಾ ಬಡ್ಡಿಗೆ ತೆರಿಗೆ ಇಲ್ಲವಷ್ಟೆ?

ಉತ್ತರ: ಇದೆ. ನೀವು ಅಲ್ಲಿ ಪೂರ್ತಿ ನಿವಾಸಿ ಆದ ವರ್ಷದಿಂದ ಬಡ್ಡಿ, ಡಿವಿಡೆಂಡ್ ಎಲ್ಲ ತೋರಿಸಬೇಕು. ಭಾರತದ ತೆರಿಗೆ ಕಾನೂನಿಗೆ ಐಸಾ ಅಂದ್ರೆ ಮಾಮೂಲಿ ವಿದೇಶಿ ಖಾತೆ, ಅಷ್ಟೇ.