ಪಂಪು ಓಡುವಾಗಲೂ ಅಪ್ಪನಿಗೆ ಕೇಳಿಸುವ ರಿಂಗ್‌ಟೋನ್

ಅಣ್ಣಾ, ಯಕ್ಷಗಾನದ ಆಟದಲ್ಲಿ ಚಂಡೆ-ಮದ್ದಳೆ ರೆಕಾರ್ಡ್ ಮಾಡಿ ನಿಮ್ಮ ಅಪ್ಪನವರ ಫೋನಿಗೆ ಹಾಕಿದ್ದೀರಿ. ಮನೆಯಲ್ಲಿ ಚೆನ್ನಾಗಿ ಕೇಳುತ್ತದೆ, ತೋಟದಲ್ಲಿ ಪಂಪು ಚಾಲೂ ಇದ್ದರೆ ಕೇಳಿಸುವುದೇ ಇಲ್ಲ ಅಂದಿದ್ದೀರಿ. ನಮ್ಮ ಅಪ್ಪಯ್ಯನಿಗೂ ಹೀಗೇ ಆಗಿತ್ತು. ವಾಲ್ಯೂಮ್ ಎಷ್ಟು ಏರಿಸಿದರೂ ಉಪಯೋಗ ಆಗಲಿಲ್ಲ. ಕೊನೆಗೆ ಶಬ್ದವನ್ನೇ ಬದಲಾಯಿಸಬೇಕಾಯಿತು.

ಫೋನಿನ ಸ್ಪೀಕರ್ ಬಹಳ ಚಿಕ್ಕದು. ಮದ್ದಳೆಯ ದಪ್ಪ ನಾದ ಅದರಿಂದ ಸರಿಯಾಗಿ ಹೊರಗೆ ಬರುವುದೇ ಇಲ್ಲ. ಬಂದಷ್ಟನ್ನೂ ಪಂಪಿನ ಗುಂಯ್ ಶಬ್ದ ನುಂಗಿ ಹಾಕುತ್ತದೆ. ಮನುಷ್ಯರ ಕಿವಿ ಚುರುಕಾಗಿ ಹಿಡಿಯುವುದು 2000ದಿಂದ 4000 ಹರ್ಟ್ಸ್ ನಡುವಿನ ಶಬ್ದವನ್ನು (ಹರ್ಟ್ಸ್ ಅಂದರೆ ಶಬ್ದ ಎಷ್ಟು ದಪ್ಪ, ಎಷ್ಟು ಕೀರಲು ಅನ್ನುವುದರ ಅಳತೆ, ಅಂಕಿ ಹೆಚ್ಚಾದಷ್ಟೂ ಕೀರಲು). ಆದರೆ ವಯಸ್ಸಾದಂತೆ ತೀರಾ ಕೀರಲು ಶಬ್ದ ಕೇಳಿಸುವುದು ಮೊದಲು ಕಡಿಮೆಯಾಗುತ್ತದೆ, ಹಾಗಾಗಿ ಶಿಳ್ಳೆಯಂಥದ್ದು ಬೇಡ. ಪಂಪಿನ ಸದ್ದು ಒಂದೇ ಸಮನೆ ಇರುತ್ತದಲ್ವಾ, ಬಿಟ್ಟು ಬಿಟ್ಟು ಬರುವ ಶಬ್ದ ಅದರ ನಡುವೆ ಎದ್ದು ಕೇಳುತ್ತದೆ. ನಿಮ್ಮ ರೆಕಾರ್ಡಿಂಗ್‌ನಲ್ಲಿ ಚಂಡೆ ಒಂದೇ ಬಾರಿಸುವ ಕಡೆ ಹುಡುಕಿ. ನಾಲ್ಕು ಪೆಟ್ಟು, ಸ್ವಲ್ಪ ಬಿಡುವು, ಮತ್ತೆ ಪೆಟ್ಟು, ಹಾಗಿದ್ದರೆ ತುಂಬಾ ಒಳ್ಳೆಯದು. ದನದ ಗಂಟೆ ಕೂಡ ಚೆನ್ನಾಗಿ ಕೇಳುತ್ತದೆ. ಆದರೆ ಹಟ್ಟಿ ಪಕ್ಕದಲ್ಲೇ ಇದ್ದರೆ ಫೋನೋ ದನವೋ ಗೊತ್ತಾಗುವುದಿಲ್ಲ.

ಹೊಸದಾಗಿ ರೆಕಾರ್ಡ್ ಮಾಡುವುದಾದರೆ ಚಂಡೆಯ ಹತ್ತಿರ ಹೋಗಬೇಡಿ, ಶಬ್ದ ಒಡೆಯುತ್ತದೆ. ಹಾಗೆ ಒಡೆದದ್ದನ್ನು ಆಮೇಲೆ ಸರಿ ಮಾಡುವುದು ಕಷ್ಟ. 10-15 ಅಡಿ ದೂರ ನಿಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ.

ಕತ್ತರಿಸುವುದಕ್ಕೆ ಕಂಪ್ಯೂಟರ್ ಇದ್ದರೆ ಆಡಾಸಿಟಿ ಅನ್ನುವ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರ್ ಸಾಕು, ಅದು ಉಚಿತ. ಬೇಕಾದ ಭಾಗ ಉಳಿಸಿ ಮಿಕ್ಕಿದ್ದನ್ನು ಅಳಿಸಿ. ಎಫೆಕ್ಟ್ ಮೆನುವಿನಲ್ಲಿ ಹೈ-ಪಾಸ್ ಫಿಲ್ಟರ್ ತೆಗೆದು 300 ಹರ್ಟ್ಸ್ ಕೊಡಿ. ಸ್ಪೀಕರಿಗೆ ಆಗದ ದಪ್ಪ ಶಬ್ದ ಹೋಗುತ್ತದೆ. ಆಮೇಲೆ ನಾರ್ಮಲೈಸ್ ಮಾಡಿ (ಅಂದರೆ ಶಬ್ದವನ್ನು ಒಡೆಯದಷ್ಟು ಮಟ್ಟಕ್ಕೆ ಏರಿಸುವುದು), ಮೈನಸ್ 1 ಡೆಸಿಬೆಲ್ ಇಡಿ. ಈ ಕ್ರಮದಲ್ಲೇ ಮಾಡಿ. ದಪ್ಪ ಶಬ್ದ ತೆಗೆದ ಮೇಲೆ ಉಳಿದದ್ದನ್ನು ಏರಿಸಲು ಜಾಗ ಸಿಗುತ್ತದೆ, ಅದಕ್ಕೆ.

ಶುರುವಿನಲ್ಲಿ ನಿಧಾನ ಏರುವ ಆಲಾಪ ಇಡಬೇಡಿ, ಮೊದಲ ಪೆಟ್ಟೇ ಜೋರಾಗಿರಲಿ. ಮೊಬೈಲ್ ರಿಂಗ್ ಆಗುವ ಅವಧಿಯನ್ನು ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) 2019ರಲ್ಲಿ 30 ಸೆಕೆಂಡ್ ಅಂತ ಮಾಡಿದೆ. ಅದರಲ್ಲಿ 10 ಸೆಕೆಂಡ್ ಸುಮ್ನೆ ಕಳೆದರೆ, ಕೈ ತೊಳೆದು ಫೋನ್ ತೆಗೆಯುವಷ್ಟರಲ್ಲಿ ಕರೆ ಕಟ್ಟಾಗಿರುತ್ತದೆ. ಟೋನ್ ಕೂಡ 30 ಸೆಕೆಂಡಿಗಿಂತ ಉದ್ದ ಬೇಕಾಗಿಲ್ಲ. 128 ಕೆಬಿಪಿಎಸ್ ಎಂಪಿ3 ಮಾಡಿದರೆ ಅರ್ಧ ಎಂಬಿಯೂ ಆಗುವುದಿಲ್ಲ.

ಆಂಡ್ರಾಯ್ಡ್ ಆದರೆ ಫೈಲನ್ನು ಫೋನಿನ ರಿಂಗ್‌ಟೋನ್ಸ್ ಫೋಲ್ಡರಿಗೆ ಹಾಕಿ, ಸೆಟಿಂಗ್ಸ್‌ನಲ್ಲಿ ಸೌಂಡ್ ಒಳಗೆ ಆರಿಸಿಕೊಳ್ಳಿ. ಐಫೋನ್ ಇರುವವರು ಆ್ಯಪಲ್‌ನದೇ ಗ್ಯಾರೇಜ್‌ಬ್ಯಾಂಡ್ ಆ್ಯಪ್‌ನಿಂದ ಮಾಡಬಹುದು. ಇದಕ್ಕಾಗಿ ಯಾವುದೋ ರಿಂಗ್‌ಟೋನ್ ಆ್ಯಪ್ ಹಾಕಿ, ಅದಕ್ಕೆ ನಿಮ್ಮ ಕಾಂಟ್ಯಾಕ್ಟ್‌ಗಳನ್ನೆಲ್ಲ ನೋಡಲು ಬಿಡಬೇಡಿ.

ಇನ್ನೊಂದು ವಿಷಯ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಕಾಂಟ್ಯಾಕ್ಟ್ಸ್‌ನಲ್ಲಿ ಒಬ್ಬೊಬ್ಬರ ಹೆಸರಿಗೂ ಬೇರೆ ರಿಂಗ್‌ಟೋನ್ ಇಡಬಹುದು. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಹೆಸರು ತೆರೆದು ಮೂರು ಚುಕ್ಕಿ ಒತ್ತಿದರೆ ಸಿಗುತ್ತದೆ. ನಮ್ಮ ಅಪ್ಪಯ್ಯನಿಗೆ ಕನ್ನಡಕ ಇಲ್ಲದೆ ಪರದೆ ಓದಲು ಆಗುವುದಿಲ್ಲ. ತಂಗಿಯ ನಂಬರಿಗೆ ಅವಳ ಮಗಳು "ಅಜ್ಜಾ, ಅಜ್ಜಾ" ಅಂತ ಕೂಗಿದ್ದನ್ನು ಇಟ್ಟಿದ್ದೇನೆ. ದನದ ಡಾಕ್ಟರಿಗೆ ಗಂಟೆ. ಈಗ ಯಾರು ಅಂತ ನೋಡದೆಯೇ ಗೊತ್ತಾಗುತ್ತದೆ. ಮಗುವಿನ ದನಿ ಪಂಪಿನ ಸದ್ದಿನಲ್ಲೂ ಕೇಳುತ್ತದೆ.

ಎಲ್ಲ ಆದ ಮೇಲೆ ಪಂಪು ಚಾಲೂ ಮಾಡಿ, ಫೋನ್ ಅವರ ಅಂಗಿ ಜೇಬಿನಲ್ಲಿಟ್ಟು ಕರೆ ಮಾಡಿ ನೋಡಿ. ಹೆಚ್ಚಿನ ಫೋನುಗಳ ಸ್ಪೀಕರ್ ಕೆಳಗಿನ ಅಂಚಿನಲ್ಲಿರುತ್ತದೆ. ತಲೆಕೆಳಗಾಗಿ ಇಟ್ಟರೆ ಬಾಯಿ ಮೇಲೆ ಬರುತ್ತದೆ, ಬಟ್ಟೆ ಅಡ್ಡ ಆಗುವುದಿಲ್ಲ. ಆಗಲೂ ಕೇಳದಿದ್ದರೆ ಆ ಫೈಲನ್ನೇ ಇಲ್ಲಿ ಹಾಕಿ ಅಣ್ಣಾ, ನಾನು ಕತ್ತರಿಸಿ ಕಳಿಸುತ್ತೇನೆ.